ಸುಡೋಮೊನಾಸ್ ಪುಡಿ: ಪ್ಯಾಕೆಟ್ ಮೇಲಿನ ಸಂಖ್ಯೆ, ಬೇರಿನ ಬಳಿಯ ಲೆಕ್ಕ

ಸುಡೋಮೊನಾಸ್ ಫ್ಲೋರೆಸೆನ್ಸ್ ಎಂದು ಬರೆದ ಒಂದು ಕಿಲೋ ಪ್ಯಾಕೆಟ್ ಈಗ ಹೋಬಳಿಯ ಗೊಬ್ಬರದಂಗಡಿಯಲ್ಲೂ ಸಿಗುತ್ತದೆ. ಕೃಷಿ ವಿಜ್ಞಾನ ಕೇಂದ್ರದ ಮಳಿಗೆ, ಕೃಷಿ ವಿಶ್ವವಿದ್ಯಾಲಯದ ಕೌಂಟರ್, ಖಾಸಗಿ ಕಂಪನಿಯ ಬ್ರ್ಯಾಂಡು, ಎಲ್ಲಿ ಕೊಂಡರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಟಾಲ್ಕ್ ಪುಡಿಗೆ ಹೀರಿಸಿದ, ಬೆಳೆಯನ್ನು ರೋಗದಿಂದ ಕಾಯುವ ಜೀವಂತ ದುಂಡಾಣು (ಬ್ಯಾಕ್ಟೀರಿಯಾ). ಹಾಗಾಗಿ ಇಲ್ಲಿ ಯಾವುದೇ ಒಂದು ಬ್ರ್ಯಾಂಡನ್ನು ತೂಗಿಲ್ಲ; ಈ ಬಗೆಯ ಪ್ಯಾಕೆಟ್ ಕೊಟ್ಟ ದುಡ್ಡಿಗೆ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡಿದೆ. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಬೀಜಕ್ಕೆ, ಸಸಿಯ ಬೇರಿಗೆ, ನೆಡುವ ಗೆಡ್ಡೆಗೆ ಹಚ್ಚುವವರಿಗೆ ಇದಕ್ಕಿಂತ ಅಗ್ಗದ ಒಳ್ಳೆಯ ಸರಕು ಅಂಗಡಿಯಲ್ಲಿ ಇಲ್ಲ. ರೋಗ ಬಂದ ಮೇಲೆ ಹೊಲಕ್ಕೆಲ್ಲ ಎರಚುವವರಿಗೆ ದುಡ್ಡು ದಂಡ.

ಕಾರಣ ಇಷ್ಟೇ: ಪ್ಯಾಕೆಟ್ಟಿನಲ್ಲಿ ಔಷಧಿ ಇರುವುದಿಲ್ಲ, ಔಷಧಿ ತಯಾರಿಸುವ ಜೀವಿ ಇರುತ್ತದೆ. ಗಿಡಕ್ಕೆ ಉಪಕಾರ ಮಾಡುವ ರಾಸಾಯನಿಕಗಳೆಲ್ಲ ತಯಾರಾಗುವುದು ಆಮೇಲೆ, ಬೇರಿನ ಮೈಮೇಲೆ. ದುಂಡಾಣು ಅಲ್ಲಿಗೆ ಬದುಕಿ ತಲುಪಬೇಕು, ಬೇರು ಸ್ರವಿಸುವ ಸಕ್ಕರೆ ಮತ್ತು ಅಮೈನೋ ಆಮ್ಲ ತಿಂದು ಹೆಚ್ಚಬೇಕು, ಸಾಕಷ್ಟು ಸಂಖ್ಯೆಗೆ ಮುಟ್ಟಿದ ಮೇಲಷ್ಟೇ ಉತ್ಪಾದನೆ ಶುರು. ಟಾಲ್ಕ್ ಪುಡಿ ಅದನ್ನು ಹೊತ್ತು ತರುವ ಗಾಡಿ ಮಾತ್ರ.

ಆ ರಾಸಾಯನಿಕಗಳಲ್ಲಿ ಮೊದಲನೆಯದು ಪಯೋವರ್ಡಿನ್. ನೇರಳಾತೀತ ಬೆಳಕಿನಲ್ಲಿ ಹಳದಿ-ಹಸಿರಾಗಿ ಹೊಳೆಯುವ ಈ ಬಣ್ಣದಿಂದಲೇ ದುಂಡಾಣುವಿಗೆ ಫ್ಲೋರೆಸೆನ್ಸ್ ಎಂಬ ಹೆಸರು. ಮಣ್ಣಿನ ಕಬ್ಬಿಣವನ್ನು ಇದು ಬಾಚಿ ಹಿಡಿದುಕೊಳ್ಳುತ್ತದೆ. ಪಕ್ಕದ ರೋಗಕಾರಕ ಶಿಲೀಂಧ್ರಕ್ಕೆ ಕಬ್ಬಿಣ ಸಿಗದೆ ಬೆಳವಣಿಗೆ ಕುಂಠಿತವಾಗುತ್ತದೆ. ಕ್ಲೋಪರ್ ಮತ್ತು ಶ್ರಾಥ್ ಎಂಬ ಅಮೆರಿಕದ ವಿಜ್ಞಾನಿಗಳ ತಂಡ 1980ರಲ್ಲೇ ಇದನ್ನು ತೋರಿಸಿತ್ತು. ಅಂಗಡಿಯವರು ಹೇಳದ ಒಂದು ಸೂಕ್ಷ್ಮ ಇಲ್ಲಿದೆ: ಕಬ್ಬಿಣ ಧಾರಾಳವಾಗಿ ಸಿಗುವ ಕಡೆ ದುಂಡಾಣು ಪಯೋವರ್ಡಿನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಎರೆಭೂಮಿಯಲ್ಲಿ ಈ ಅಸ್ತ್ರ ಚುರುಕು, ಮಲೆನಾಡಿನ ಹುಳಿ ಜಂಬಿಟ್ಟಿಗೆ ಮಣ್ಣಿನಲ್ಲಿ ಮಂಕು. ಪುಡಿ ಕದಡಿದ ಡ್ರಮ್ಮಿಗೇ ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ಸುರಿಯುವುದು ಏಕೆ ತಪ್ಪು ಎಂಬುದೂ ಇದರಿಂದ ಗೊತ್ತಾಗುತ್ತದೆ.

ಎರಡನೆಯದು ನೇರ ಶಿಲೀಂಧ್ರನಾಶಕಗಳು: ಡಿಎಪಿಜಿ ಎಂದು ಚಿಕ್ಕದಾಗಿ ಕರೆಯುವ ಡೈಅಸಿಟೈಲ್ ಫ್ಲೋರೋಗ್ಲುಸಿನಾಲ್, ಫೆನಜಿನ್‌ಗಳು, ಪಯೋಲುಟಿಯೋರಿನ್, ಪಿರೋಲ್ನೈಟ್ರಿನ್, ಜೊತೆಗೆ ತುಸು ಹೈಡ್ರೋಜನ್ ಸಯನೈಡ್. ಎಲ್ಲ ತಳಿಗಳೂ ಎಲ್ಲವನ್ನೂ ತಯಾರಿಸುವುದಿಲ್ಲ. ಗೋಧಿಯ ಬೇರು ಕೊಳೆಗೆ ಸಂಬಂಧಿಸಿದ ಅಮೆರಿಕದ ಅಧ್ಯಯನಗಳಲ್ಲಿ ಕಂಡಂತೆ, ಡಿಎಪಿಜಿ ತಯಾರಿಸುವ ದುಂಡಾಣು ಒಂದು ಗ್ರಾಂ ಬೇರಿಗೆ ಸುಮಾರು 1 ಲಕ್ಷ ಇದ್ದರೆ ಮಾತ್ರ ರೋಗ ತಗ್ಗುತ್ತದೆ. ಈ 1 ಲಕ್ಷ ನೆನಪಿರಲಿ, ಮುಂದೆ ಬೇಕಾಗುತ್ತದೆ. ಪಿರೋಲ್ನೈಟ್ರಿನ್ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ. ಹಾಗಾಗಿಯೇ ಕಂಪನಿಗಳು ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಬಿಸಿಲು ತಡೆಯುವ ಫ್ಲೂಡಿಯೋಕ್ಸೋನಿಲ್ ಎಂಬ ಶಿಲೀಂಧ್ರನಾಶಕವನ್ನು ಕೃತಕವಾಗಿ ತಯಾರಿಸಿದವು. ಸುಡೋಮೊನಾಸ್ ಸಿಂಪಡಣೆಯನ್ನು ಸಂಜೆ ಮಾಡಿ ಎನ್ನುವುದರ ಹಿಂದೆ ಎರಡು ಕಾರಣಗಳಿವೆ: ನೇರಳಾತೀತ ಕಿರಣಕ್ಕೆ ದುಂಡಾಣು ಸಾಯುತ್ತದೆ, ಅದು ತಯಾರಿಸಿದ್ದೂ ಹಾಳಾಗುತ್ತದೆ.

ಬೆಳವಣಿಗೆಗೆ ಸಂಬಂಧಪಟ್ಟವು ಇನ್ನೆರಡು. ದುಂಡಾಣು ಐಎಎ ಎಂಬ ಆಕ್ಸಿನ್ (ಬೆಳವಣಿಗೆಯ ಹಾರ್ಮೋನು) ತಯಾರಿಸುತ್ತದೆ, ಅದರಿಂದ ಕವಲು ಬೇರು ಹೆಚ್ಚುತ್ತದೆ. ಕೆಲವು ತಳಿಗಳಲ್ಲಿ ಎಸಿಸಿ ಡಿಅಮಿನೇಸ್ ಎಂಬ ಕಿಣ್ವವೂ ಇರುತ್ತದೆ. ನೀರಿನ ಕೊರತೆ ಅಥವಾ ಉಪ್ಪಿನ ಒತ್ತಡದಲ್ಲಿ ಗಿಡ ತಯಾರಿಸಿಕೊಳ್ಳುವ ಎಥಿಲೀನನ್ನು ಅದು ತಗ್ಗಿಸುತ್ತದೆ, ಬೇರು ಮುದುಡುವುದಿಲ್ಲ. ಆದರೆ ಆಕ್ಸಿನ್ ಅತಿಯಾದರೆ ಮುಖ್ಯ ಬೇರು ಗಿಡ್ಡವಾಗುತ್ತದೆ. ಕಿಲೋ ಬೀಜಕ್ಕೆ 10 ಗ್ರಾಂ ಎಂದಿರುವಲ್ಲಿ 50 ಗ್ರಾಂ ಹಾಕಿದರೆ ಐದು ಪಟ್ಟು ಫಲ ಬರುವುದಿಲ್ಲ, ಎಳೆ ಮೊಳಕೆಗೆ ತೊಂದರೆಯೇ ಆದೀತು.

ಇಷ್ಟೆಲ್ಲದರ ಮೇಲೆ, ಬೇರಿನ ಮೇಲೆ ಈ ದುಂಡಾಣು ನೆಲೆಸಿದರೆ ಇಡೀ ಗಿಡ ಎಚ್ಚೆತ್ತುಕೊಳ್ಳುತ್ತದೆ. ಬೇರಿಗೆ ಹಚ್ಚಿದ್ದರ ಫಲ ಎಲೆಯ ರೋಗದಲ್ಲೂ ಕಾಣುವುದು ಹೀಗೆ. ಈ ಪ್ರೇರಿತ ನಿರೋಧಕತೆ 1991ರಲ್ಲಿ ಕಾರ್ನೇಶನ್ ಮತ್ತು ಸೌತೆ ಗಿಡಗಳಲ್ಲಿ ಸ್ಪಷ್ಟವಾಗಿ ಕಂಡುಬಂತು. ಇದಕ್ಕೆ ಸಮಯ ಬೇಕು, ರೋಗಾಣು ಒಳಹೊಕ್ಕ ಮೇಲೆ ಇದು ನಡೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೋಂದಣಿ ನಿಯಮದ ಪ್ರಕಾರ ಇಂಥ ಪುಡಿಯ ಒಂದು ಗ್ರಾಂನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಪ್ಯಾಕೆಟ್ ಮೇಲೆ ಇದನ್ನು 1×10⁸ ಸಿಎಫ್‌ಯು ಎಂದು ಬರೆದಿರುತ್ತಾರೆ. ಪಕ್ಕದಲ್ಲಿರುವ 0.5% ಅಥವಾ 1% ಎಂಬ ಅಂಕಿಗಿಂತ ನೋಡಬೇಕಾದ್ದು ಇದೇ. ಒಂದು ಕಿಲೋ ಭತ್ತದಲ್ಲಿ ಸುಮಾರು 40 ಸಾವಿರ ಕಾಳು. ಅದಕ್ಕೆ 10 ಗ್ರಾಂ ಪುಡಿ ಹಚ್ಚಿದರೆ ಕಾಳೊಂದಕ್ಕೆ 25 ಸಾವಿರ ಕೋಶ ಬೀಳುತ್ತದೆ. ಮೊಳಕೆಯ ಬೇರಿನ ತೂಕ ಮಿಲಿಗ್ರಾಂಗಳಲ್ಲಿ ಇರುವಾಗ ಇದು ಭರ್ಜರಿ ಆರಂಭ. ಗ್ರಾಂ ಬೇರಿಗೆ 1 ಲಕ್ಷದ ಗಡಿ ಸುಲಭವಾಗಿ ದಾಟುತ್ತದೆ. ಅದೇ ಒಂದು ಕಿಲೋ ಪ್ಯಾಕೆಟ್ಟನ್ನು ಒಂದು ಎಕರೆಗೆ ಎರಚಿ ನೋಡಿ. ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 9 ಲಕ್ಷ ಕಿಲೋ. ಗ್ರಾಂ ಮಣ್ಣಿಗೆ ಬರುವುದು ನೂರರ ಆಸುಪಾಸು ಕೋಶ, ಅದೇ ಗ್ರಾಂನಲ್ಲಿ ಮೊದಲಿನಿಂದ ಮನೆ ಮಾಡಿಕೊಂಡಿರುವ ಬೇರೆ ದುಂಡಾಣುಗಳು ಕೋಟಿಗಟ್ಟಲೆ. ಹೊಸಬರು ಹೆಚ್ಚು ದಿನ ನಿಲ್ಲುವುದಿಲ್ಲ. ಎಕರೆಗೆ 1 ಕಿಲೋ ಎಂಬ ಶಿಫಾರಸನ್ನು ಮಣ್ಣಿಗೆ ಎರಚುವುದು ಎಂದು ಓದದೆ, ಗಿಡದ ಬುಡಕ್ಕೆ, ಬೇರು ಇರುವಲ್ಲಿಗೆ ಎಂದು ಓದಬೇಕು.

ಭತ್ತದಲ್ಲಿ ಹೀಗೆ ಮಾಡಿ: ಕಿಲೋ ಬೀಜಕ್ಕೆ 10 ಗ್ರಾಂ ಪುಡಿಯನ್ನು 1 ಲೀಟರ್ ನೀರಿನಲ್ಲಿ ಕದಡಿ, ಬೀಜವನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು ಎಂದಿನಂತೆ ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸಿ. ನಾಟಿಯ ದಿನ ಇನ್ನೊಂದು ಅವಕಾಶವಿದೆ. ಗದ್ದೆಯ ಒಂದು ಮೂಲೆಯಲ್ಲಿ 10 ಚದರ ಮೀಟರ್ ಜಾಗಕ್ಕೆ ಬದು ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ, ಎಕರೆಯ ಸಸಿಗೆ 1 ಕಿಲೋದಂತೆ ಪುಡಿ ಕದಡಿ, ಕಿತ್ತ ಸಸಿಯ ಕಟ್ಟುಗಳನ್ನು ಬೇರು ಮುಳುಗುವಂತೆ ಅರ್ಧ ಗಂಟೆ ನಿಲ್ಲಿಸಿ. ಬೆಂಕಿ ರೋಗ ಮತ್ತು ಎಲೆ ಕವಚದ ರೋಗಕ್ಕೆ ಈ ಎರಡು ಹಂತ ಕೊಡುವ ರಕ್ಷಣೆಯನ್ನು ಆಮೇಲಿನ ಸಿಂಪಡಣೆ ಕೊಡಲಾರದು. ಸಸಿಗಳನ್ನು ಎತ್ತಿ ಬಿಸಿಲಿನಲ್ಲಿ ಬದುವಿನ ಮೇಲೆ ಒಣಗಲು ಬಿಟ್ಟರೆ ಮಾತ್ರ ಅರ್ಧ ಗಂಟೆಯ ಕೆಲಸ ನೀರಿನಲ್ಲಿ ಮಾಡಿದ ಹೋಮ.

ತೊಗರಿ, ಕಡಲೆ, ಶೇಂಗಾದಂಥ ಒಣ ಬೀಜಕ್ಕೂ ಅದೇ 10 ಗ್ರಾಂ. ತಣ್ಣಗಾದ ಬೆಲ್ಲದ ಪಾಕ ಅಥವಾ ಗಂಜಿ ಚಿಮುಕಿಸಿ ಅಂಟಿಸಿ, ನೆರಳಿನಲ್ಲಿ ಅರ್ಧ ಗಂಟೆ ಆರಿಸಿ, ಅದೇ ದಿನ ಬಿತ್ತಿ. ಶೇಂಗಾದ ಸಿಪ್ಪೆ ಬಹಳ ನಾಜೂಕು, ಕೈಯಿಂದ ಉಜ್ಜದೆ ಗೋಣಿ ತಾಟಿನ ಮೇಲೆ ಹೊರಳಿಸಿ. ಶಿಲೀಂಧ್ರನಾಶಕವೂ ಬೇಕು, ಕೀಟನಾಶಕವೂ ಬೇಕು, ಸಾರಜನಕ ಹಿಡಿಯುವ ರೈಜೋಬಿಯಮ್ಮೂ ಬೇಕು ಎನ್ನುವವರು ಕ್ರಮ ತಪ್ಪಬಾರದು: ಮೊದಲು ಶಿಲೀಂಧ್ರನಾಶಕ, ಅದು ಒಣಗಿದ ಮೇಲೆ ಕೀಟನಾಶಕ, ಕೊನೆಗೆ ಜೀವಾಣು. ಬೀಜದ ಜೊತೆ ಡಿಎಪಿ ಗೊಬ್ಬರವನ್ನೂ ಒಂದೇ ಡಬ್ಬಕ್ಕೆ ತುಂಬಿ ಕೂರಿಗೆಗೆ ಹಾಕಿದರೆ ಹಚ್ಚಿದ್ದು ಉಪ್ಪಿಗೆ ಸಾಯುತ್ತದೆ.

ತರಕಾರಿಯಲ್ಲಿ ಪ್ರೋಟ್ರೇ (ಸಸಿ ಬೆಳೆಸುವ ಗುಳಿ ತಟ್ಟೆ) ಹಂತವೇ ಚಿನ್ನದಂಥ ಸಮಯ. ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿ ಬುಡ ಕರಗಿ ಬೀಳುವ ರೋಗ ಶುರುವಾಗುವುದು ಎರಡೆಲೆಯ ಹಂತದಲ್ಲಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಿಲೋಗೆ 10 ಗ್ರಾಂನಂತೆ ಮೊದಲೇ ಬೆರೆಸಿ, ನಾಟಿಗೆ ಮುಂಚೆ ಟ್ರೇಯನ್ನೇ ಲೀಟರಿಗೆ 10 ಗ್ರಾಂ ಕದಡಿದ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿ. ಇಲ್ಲಿ ಮಾಡುವ ಮಾಮೂಲಿ ತಪ್ಪೆಂದರೆ ಕ್ಲೋರಿನ್ ವಾಸನೆ ಹೊಡೆಯುವ ನಲ್ಲಿ ನೀರು ಬಳಸುವುದು. ಬೋರಿನ ನೀರು ಇಲ್ಲದಿದ್ದರೆ ನಲ್ಲಿ ನೀರನ್ನು ಅಗಲ ಬಾಯಿಯ ತೊಟ್ಟಿಯಲ್ಲಿ ಹಿಂದಿನ ದಿನವೇ ಹಿಡಿದಿಡಿ.

ಶುಂಠಿಯ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಹಾಸನ, ಶಿವಮೊಗ್ಗ, ಕೊಡಗಿನಲ್ಲಿ ಈ ಪುಡಿ ಹೆಚ್ಚು ಖರ್ಚಾಗುವುದೂ, ಹೆಚ್ಚು ಬೈಸಿಕೊಳ್ಳುವುದೂ ಶುಂಠಿ ಹೊಲದಲ್ಲೇ. ಶುಂಠಿ ಹಳದಿಯಾಗಿ ಬೀಳುವುದಕ್ಕೆ ಎರಡು ಮುಖ್ಯ ಕಾರಣ. ಒಂದು ಪಿಥಿಯಂ ಎಂಬ ಶಿಲೀಂಧ್ರದಂಥ ರೋಗಾಣುವಿನಿಂದ ಬರುವ ಗೆಡ್ಡೆ ಕೊಳೆ, ಇನ್ನೊಂದು ರಾಲ್‌ಸ್ಟೋನಿಯಾ ಎಂಬ ದುಂಡಾಣುವಿನ ಸೊರಗು ರೋಗ. ಬಾಡುತ್ತಿರುವ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಆ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು. ಆ ಮಡಿಗೆ ಸುಡೋಮೊನಾಸ್ ಸುರಿದು ಪ್ರಯೋಜನವಿಲ್ಲ. ಗಿಡವನ್ನು ಮಣ್ಣುಸಮೇತ ತೆಗೆದು, ನೀರು ಪಕ್ಕದ ಮಡಿಗೆ ಹರಿಯದಂತೆ ಕಾಲುವೆ ಕಟ್ಟುವುದೇ ಮೊದಲ ಕೆಲಸ. ಎಳೆ ಇಳಿಯದೆ, ಗೆಡ್ಡೆ ಮೆತ್ತಗಾಗಿ ನಾರುತ್ತಿದ್ದರೆ ಕೊಳೆ ರೋಗ. ಅದರ ವಿರುದ್ಧವೂ ಸುಡೋಮೊನಾಸ್ ಕೆಲಸ ಮಾಡುವುದು ಮುಂಚಿತವಾಗಿ ಮಾತ್ರ, ಬಿತ್ತನೆ ಗೆಡ್ಡೆಯನ್ನು ಲೀಟರಿಗೆ 10ರಿಂದ 20 ಗ್ರಾಂ ಕದಡಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆರಳಲ್ಲಿ ಆರಿಸಿ ನೆಟ್ಟಾಗ. ಗೆಡ್ಡೆಗೆ ಮ್ಯಾಂಕೋಜೆಬ್ ಶಿಲೀಂಧ್ರನಾಶಕದ ಉಪಚಾರ ಆಗಿದ್ದರೆ ಅದು ಆರಿದ ಮೇಲೆ ಇದು. ಅಂದಹಾಗೆ, ರಾಲ್‌ಸ್ಟೋನಿಯಾವನ್ನು ಹಿಂದೆ ಸುಡೋಮೊನಾಸ್ ಸೊಲನೇಸಿಯಾರಮ್ ಎಂದೇ ಕರೆಯುತ್ತಿದ್ದರು. ಹಳೆಯ ಕೈಪಿಡಿಯಲ್ಲಿ ಆ ಹೆಸರು ನೋಡಿ, ರೋಗ ತರುವುದನ್ನೇ ಪ್ಯಾಕೆಟ್ಟಿನಲ್ಲಿ ಮಾರುತ್ತಿದ್ದಾರೆ ಎಂದು ಗಾಬರಿಯಾಗುವವರಿದ್ದಾರೆ. ಎರಡೂ ಬೇರೆ ಬೇರೆ ಜೀವಿಗಳು.

ಶುಂಠಿ ಬೆಳೆಗಾರರು ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಬಯೋಕ್ಯಾಪ್ಸೂಲನ್ನೂ ವಿಚಾರಿಸಬಹುದು. ಅದರಲ್ಲಿ ಶುಂಠಿಗೆಂದೇ ಆರಿಸಿದ ಬ್ಯಾಸಿಲಸ್ ಅಮೈಲೊಲಿಕ್ವಿಫೇಶಿಯನ್ಸ್ ಎಂಬ ಇನ್ನೊಂದು ದುಂಡಾಣುವಿನ ತಳಿಯಿದೆ. ಕಿಲೋಗಟ್ಟಲೆ ಟಾಲ್ಕ್ ಹೊರುವ ಕೆಲಸವಿಲ್ಲ.

ಅಡಿಕೆ, ಕಾಳುಮೆಣಸಿನ ತೋಟದಲ್ಲಿ ಅಡ್ಡಿ ಬರುವುದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಮೈಲುತುತ್ತದ ತಾಮ್ರ ಶಿಲೀಂಧ್ರ, ದುಂಡಾಣು ಎರಡಕ್ಕೂ ವಿಷ. ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆದು, ಎರಡು ದಿನ ಬಿಟ್ಟು ಮೆಣಸಿನ ಬುಡಕ್ಕೆ ಸುಡೋಮೊನಾಸ್ ಹಾಕುವವರು ಪುಡಿಯ ದುಡ್ಡನ್ನು ಕಳೆದುಕೊಳ್ಳುತ್ತಾರೆ. ನಡುವೆ ಕನಿಷ್ಠ ಹದಿನೈದು ದಿನದ ಅಂತರ ಬೇಕು, ಕಾಪರ್ ಆಕ್ಸಿಕ್ಲೋರೈಡನ್ನು ಬುಡಕ್ಕೇ ಹಾಕಿದ್ದರೆ ಇನ್ನೂ ಹೆಚ್ಚು. ಬ್ಲೀಚಿಂಗ್ ಪೌಡರಿಗೂ ಇದೇ ಮಾತು. ಮೆಣಸಿನ ಬಳ್ಳಿಗೆ ಪುಡಿಯ ನಿಜವಾದ ಲಾಭ ಪಾಲಿಥಿನ್ ಚೀಲದ ಬೇರು ಬಂದ ಕಟಿಂಗಿನಲ್ಲಿ: ಲೀಟರಿಗೆ 10 ಗ್ರಾಂ, ಚೀಲಕ್ಕೆ 100 ಮಿ.ಲೀ., ನೆಡುವ ಮುಂಚೆ ಇನ್ನೊಮ್ಮೆ.

ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಜೊತೆ ಬೆರೆಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಡಿಎಪಿಜಿಗೆ ಶತ್ರು ಶಿಲೀಂಧ್ರ, ಮಿತ್ರ ಶಿಲೀಂಧ್ರ ಎಂಬ ಭೇದ ಇಲ್ಲ. ತಳಿಗಳು ಹೊಂದಿಕೊಳ್ಳುತ್ತವೆ ಎಂದು ತಯಾರಕರು ಪರೀಕ್ಷಿಸಿ ಒಟ್ಟಿಗೆ ಕೊಟ್ಟಿದ್ದರೆ ಸರಿ. ಇಲ್ಲದಿದ್ದರೆ ಟ್ರೈಕೋಡರ್ಮಾ ಕೊಟ್ಟಿಗೆ ಗೊಬ್ಬರದೊಂದಿಗೆ ಮಣ್ಣಿಗೆ, ಸುಡೋಮೊನಾಸ್ ಬೀಜಕ್ಕೆ ಅಥವಾ ಬೇರಿಗೆ ಎಂದು ಹಂಚಿಕೊಳ್ಳುವುದೇ ಜಾಣತನ. ಗೊಬ್ಬರದ ಗುಡ್ಡೆಯಲ್ಲಿ ಹೆಚ್ಚಿಸುವ ವಿಧಾನವೂ ಟ್ರೈಕೋಡರ್ಮಾಕ್ಕೆ ಒಪ್ಪುವಷ್ಟು ಇದಕ್ಕೆ ಒಪ್ಪುವುದಿಲ್ಲ. ಹುಲ್ಲು ಕಡ್ಡಿಯ ನಾರನ್ನು ಕರಗಿಸುವ ಶಕ್ತಿ ಟ್ರೈಕೋಡರ್ಮಾಕ್ಕಿದೆ, ಸುಡೋಮೊನಾಸ್ ಸಕ್ಕರೆಯ ಗಿರಾಕಿ. 1 ಕಿಲೋ ಪುಡಿಯನ್ನು 50 ಕಿಲೋ ಚೆನ್ನಾಗಿ ಕಳಿತ, ತಣ್ಣಗಿನ, ತೇವದ ಗೊಬ್ಬರಕ್ಕೆ ಬೆರೆಸಿ ಕೂಡಲೇ ಬುಡಕ್ಕೆ ಹಾಕಬಹುದು. ಬಿಸಿ ಏಳುತ್ತಿರುವ ಹಸಿ ಸಗಣಿ ಗೊಬ್ಬರಕ್ಕೆ ಹಾಕಿದರೆ ಆ ಬಿಸಿಗೇ ಸಾಯುತ್ತದೆ.

ಬೆಲ್ಲದ ನೀರಿನ ಡ್ರಮ್ಮಿನಲ್ಲಿ 1 ಕಿಲೋ ಪುಡಿ ಹಾಕಿ 200 ಲೀಟರ್ ಮಾಡಿಕೊಳ್ಳಿ ಎಂಬ ಸಲಹೆ ಮೊಬೈಲಿನಲ್ಲಿ ಓಡಾಡುತ್ತಿದೆ. ಶುದ್ಧ ಕಲ್ಚರ್ ಬೆಳೆಸುವವರು ಕಿಂಗ್ಸ್ ಬಿ ಎಂಬ ಮಾಧ್ಯಮವನ್ನು ಒತ್ತಡದ ಉಗಿಯಲ್ಲಿ ಕ್ರಿಮಿಮುಕ್ತ ಮಾಡಿ, ಗಾಳಿಯಾಡಿಸುತ್ತ 48 ಗಂಟೆ ಬೆಳೆಸುತ್ತಾರೆ. ತೆರೆದ ಡ್ರಮ್ಮಿನಲ್ಲಿ ಗೆಲ್ಲುವುದು ಯೀಸ್ಟ್ ಮತ್ತು ಹುಳಿ ದುಂಡಾಣು. ಮೂರನೇ ದಿನಕ್ಕೆ ಹುಳಿ ವಾಸನೆ ಬಂದರೆ ಸುಡೋಮೊನಾಸ್ ಅಲ್ಪಸಂಖ್ಯಾತ ಎಂದೇ ಅರ್ಥ. ಜೀವಾಮೃತಕ್ಕೆ ಬೆರೆಸಿದಾಗಲೂ ಹೀಗೇ. ಜೀವಾಮೃತಕ್ಕೆ ಅದರದ್ದೇ ಉಪಯೋಗವಿದೆ, ಅದರೊಳಗೆ ಈ ಪ್ಯಾಕೆಟ್ ಸುರಿಯುವುದರಿಂದ ಏನೂ ಕೂಡಿಬರುವುದಿಲ್ಲ.

ಈ ಸರಕಿನ ದೊಡ್ಡ ದೌರ್ಬಲ್ಯ ಆಯುಷ್ಯ. ಸುಡೋಮೊನಾಸ್ ಬೀಜಕಣ ಮಾಡುವುದಿಲ್ಲ. 25ರಿಂದ 30 ಡಿಗ್ರಿಯಲ್ಲಿ ಹಾಯಾಗಿರುವ ಜೀವಿ, 41 ಡಿಗ್ರಿಯಲ್ಲಿ ಬೆಳೆಯುವುದೇ ಇಲ್ಲ. ಟಾಲ್ಕ್ ಪುಡಿಯಲ್ಲಿ ಸಂಖ್ಯೆ ತಿಂಗಳು ತಿಂಗಳಿಗೂ ಇಳಿಯುತ್ತದೆ. ತಯಾರಾದ ಮೂರು ನಾಲ್ಕು ತಿಂಗಳೊಳಗೆ ಬಳಸುವುದು ಲೇಸು, ಪ್ಯಾಕೆಟ್ಟಿನ ಮೇಲೆ ಅವಧಿ ಎಷ್ಟೇ ಬರೆದಿರಲಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ತಗಡಿನ ಗೋದಾಮಿನಲ್ಲಿ ಕೂತ ಪ್ಯಾಕೆಟ್ಟಿನಲ್ಲಿ ಜೂನ್ ಬಿತ್ತನೆಯ ಹೊತ್ತಿಗೆ ಉಳಿಯುವುದು ಬರೀ ಟಾಲ್ಕ್ ಎಂದುಕೊಂಡರೆ ತಪ್ಪಾಗದು. ಅಲ್ಲಿಯ ತೊಗರಿ ಬೆಳೆಗಾರರು ನೆಟೆ ರೋಗಕ್ಕೆ ಬ್ಯಾಸಿಲಸ್ ಸಬ್ಟಿಲಿಸ್ ಅಥವಾ ಟ್ರೈಕೋಡರ್ಮಾ ಕೊಳ್ಳುವುದು ಹೆಚ್ಚು ಭದ್ರ. ಬ್ಯಾಸಿಲಸ್ ಗಟ್ಟಿ ಬೀಜಕಣವಾಗಿ ಮಲಗಿ ಬಿಸಿ ತಡೆದುಕೊಳ್ಳುತ್ತದೆ. ಅದರ ಅಸ್ತ್ರಗಳು ಬೇರೆ: ಇಟುರಿನ್, ಫೆಂಜಿಸಿನ್, ಸರ್ಫ್ಯಾಕ್ಟಿನ್ ಎಂಬ ಸಾಬೂನಿನ ಗುಣದ ಪೆಪ್ಟೈಡ್‌ಗಳು ಶಿಲೀಂಧ್ರದ ಪೊರೆ ಹರಿಯುತ್ತವೆ. ಬ್ಯಾಸಿಲಸ್ ಬಿಡುವ ಬ್ಯೂಟೇನ್‌ಡಯೋಲ್ ಎಂಬ ಆವಿಯಿಂದಲೇ, ಮುಟ್ಟದೆ ದೂರದಿಂದ, ಗಿಡದ ಬೆಳವಣಿಗೆ ಹೆಚ್ಚುವುದನ್ನು 2003ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ತಂಡ ತೋರಿಸಿತು, ಮುಚ್ಚಿದ ತಟ್ಟೆಯೊಳಗೆ. ತೆರೆದ ಹೊಲದಲ್ಲಿ ಅಷ್ಟೇ ಫಲ ನಿರೀಕ್ಷಿಸಬೇಡಿ.

ಕೊಳ್ಳುವಾಗ ನೋಡಬೇಕಾದ್ದು: ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ, ಕೀಟನಾಶಕ ಕಾಯ್ದೆಯಡಿಯ ನೋಂದಣಿ ಸಂಖ್ಯೆ, ಸಿಎಫ್‌ಯು, ತಳಿಯ ಹೆಸರು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪಿಎಫ್1 ತಳಿಯ ಹಾಗೆ ಹೆಸರಿರುವ ತಳಿಗೆ ಹೊಲದ ಪರೀಕ್ಷೆಯ ಇತಿಹಾಸ ಇರುತ್ತದೆ. ತಳಿಯ ಹೆಸರೇ ಇಲ್ಲದ ಪ್ಯಾಕೆಟ್ ಬಿಡಿ. ಸಿಎಫ್‌ಯು ಸರಿಯಿದ್ದರೂ ಮೋಸ ಹೋಗುವ ಒಂದು ದಾರಿ ಉಂಟು: ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಮರುಬೆಳೆಸಿದ ಕಲ್ಚರಿನಲ್ಲಿ ಗ್ಯಾಕ್ ಎಂಬ ನಿಯಂತ್ರಕ ವಂಶವಾಹಿ ಕೆಟ್ಟ ಕೋಶಗಳು ಹೆಚ್ಚಾಗುತ್ತವೆ, ಅವು ಚೆನ್ನಾಗಿ ಬೆಳೆಯುತ್ತವೆ, ಡಿಎಪಿಜಿ ಮಾತ್ರ ತಯಾರಿಸುವುದಿಲ್ಲ. ಇದನ್ನು ಕಣ್ಣಲ್ಲಿ ಕಂಡುಹಿಡಿಯಲಾಗದು. ನೀರಿಗೆ ಹಾಕಿ, ಮೂಸಿ, ಬಣ್ಣ ನೋಡಿ ಜೀವಂತವೋ ಸತ್ತದ್ದೋ ಹೇಳುವ ಮನೆಮದ್ದೂ ಇಲ್ಲ. ಪ್ಯಾಕೆಟ್ ಗಂಟುಗಂಟಾಗಿದ್ದರೆ ತೇವ ಹೊಕ್ಕಿದೆ ಎಂದಷ್ಟೇ ತಿಳಿಯುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ರೈತ ಉತ್ಪಾದಕ ಸಂಘದವರು ಒಂದು ಪ್ಯಾಕೆಟ್ಟನ್ನು ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಎಣಿಸಿ ನೋಡುವುದು ಒಳ್ಳೆಯದು.

ಹನಿ ನೀರಾವರಿಯಲ್ಲಿ ಬಿಡುವವರು ಪುಡಿ ಬಿಟ್ಟು ದ್ರವರೂಪದ್ದನ್ನೇ ಕೊಳ್ಳಿ. ಟಾಲ್ಕ್ ನೀರಿನಲ್ಲಿ ಕರಗುವುದಿಲ್ಲ. ಪೈಪಿಗೆ ಗೊಬ್ಬರ ಎಳೆದುಕೊಳ್ಳುವ ವೆಂಚುರಿಯಿಂದ ಹೋಗಿ ಡ್ರಿಪ್ಪರಿನ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಪುಡಿಯೇ ಇದ್ದರೆ ಬಕೆಟ್ಟಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಮೇಲಿನ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಬಿಡಿ, ಕೆಳಗಿನ ಗಸಿಯನ್ನು ಗಿಡದ ಬುಡಕ್ಕೆ ಸುರಿಯಿರಿ. ಅದರಲ್ಲೂ ಬೇಕಾದಷ್ಟು ಕೋಶಗಳಿರುತ್ತವೆ. ಸಿಂಪಡಿಸುವಾಗ ಲೀಟರಿಗೆ 5 ಗ್ರಾಂ ಸಾಕು, ಟ್ಯಾಂಕನ್ನು ಆಗಾಗ ಅಲುಗಿಸಬೇಕು, ನಾಜಲ್ ಕಟ್ಟಿದರೆ ಬೈಯಬೇಕಾದ್ದು ಟಾಲ್ಕನ್ನೇ. ಪುಡಿ ಎತ್ತುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಟಾಲ್ಕ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ರೋಗ ಈಗಾಗಲೇ ಕಂಡಿರುವ ಭತ್ತಕ್ಕೆ ಬೇಕಾದ್ದು ದುಂಡಾಣು ತಯಾರಿಸಿಟ್ಟ ರಾಸಾಯನಿಕದ ಬಾಟಲಿ. ಬೆಂಕಿ ರೋಗಕ್ಕೆ ಕಸುಗಾಮೈಸಿನ್, ಎಲೆ ಕವಚದ ರೋಗಕ್ಕೆ ವ್ಯಾಲಿಡಾಮೈಸಿನ್. ಎರಡೂ ಜಪಾನಿನಲ್ಲಿ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ದುಂಡಾಣುಗಳಿಂದ ಸಿಕ್ಕವು. ವ್ಯಾಲಿಡಾಮೈಸಿನ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಅದರ ಟ್ರೆಹಲೇಸ್ ಕಿಣ್ವವನ್ನು ತಡೆಯುತ್ತದೆ. ಎಳೆ ಮುಂದೆ ಹರಡದೆ ಇದ್ದಲ್ಲೇ ಗೋಜಲಾಗುತ್ತದೆ. ಹೊಡೆದ ಮರುದಿನ ಮಚ್ಚೆ ಮಾಯವಾಗಲಿಲ್ಲವೆಂದು ದೂರುವ ಮುಂಚೆ ಹೊಸ ಮಚ್ಚೆ ಮೇಲೇರುತ್ತಿದೆಯೇ ನೋಡಿ. ಕಸುಗಾಮೈಸಿನ್ ದುಂಡಾಣುವಿಗೂ ಮಾರಕವಾದ ಕಾರಣ ಅದನ್ನು ಸುಡೋಮೊನಾಸ್ ಜೊತೆ ಒಂದೇ ಟ್ಯಾಂಕಿಗೆ ಹಾಕಬಾರದು.

ಸೊಪ್ಪು ತರಕಾರಿಯ ಸಣ್ಣ ತೋಟ, ತಾರಸಿ ಕುಂಡಗಳಿಗೆ ಒಂದು ಕಿಲೋ ಅತಿಯಾಯಿತು. ಸಿಕ್ಕರೆ ಚಿಕ್ಕ ಪ್ಯಾಕೆಟ್ ಕೊಳ್ಳಿ, ಇಲ್ಲವೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ನೋಡಿ. ಸಾರಜನಕ ಹಿಡಿಯುವ, ರಂಜಕ ಮತ್ತು ಸತುವನ್ನು ಕರಗಿಸುವ, ಬೆಳವಣಿಗೆ ಪ್ರಚೋದಿಸುವ ಜೀವಾಣುಗಳು ಅದರಲ್ಲಿ ಒಟ್ಟಿಗೆ ಇವೆ. ಅರ್ಧ ಉಳಿದ ಪ್ಯಾಕೆಟ್ಟಿನ ಬಾಯಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಗಾಳಿಯಾಡದ ಡಬ್ಬದಲ್ಲಿ ಮನೆಯ ತಂಪಾದ ಕತ್ತಲೆ ಮೂಲೆಯಲ್ಲಿಡಿ. ಕೀಟನಾಶಕದ ಬಾಟಲಿಗಳ ಪಕ್ಕ ಬೇಡ, ಪಂಪ್‌ಸೆಟ್ ಮನೆಯ ಕಿಟಕಿಯಂತೂ ಬೇಡವೇ ಬೇಡ. ಮುಂದಿನ ಹಂಗಾಮಿಗೆ ಹೊಸದನ್ನೇ ಕೊಳ್ಳಿ.